ನೀಲಕುರಿಂಜಿಗೆ ಹುಲ್ಲುಗುಡ್ಡವೇ ಬೇಕು

ಮುಳ್ಳಯ್ಯನಗಿರಿಯ ಇಳಿಜಾರು ನೋಡಿ “ಇಲ್ಲಿ ಒಂದಷ್ಟು ಮರ ನೆಟ್ಟರೆ ಎಷ್ಟು ಚೆಂದ” ಅನ್ನುವವರು ಜಾಸ್ತಿ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅಲ್ಲಿ ಮರ ಬೆಳೆದರೆ ನೀಲಕುರಿಂಜಿಗೆ ಜಾಗ ಉಳಿಯುವುದಿಲ್ಲ.

ಮಲೆನಾಡಿನವರು ಗುರಿಗೆ ಎಂದು ಕರೆಯುವ ಗುಂಪಿನ ಗಿಡ ಇದು. ಗುರಿಗೆಯಲ್ಲಿ ಹಲವು ಜಾತಿಗಳಿವೆ, ಹೂ ಬಿಡುವ ಲೆಕ್ಕ ಒಂದೊಂದಕ್ಕೂ ಬೇರೆ. ನೀಲಕುರಿಂಜಿಯದ್ದು 12 ವರ್ಷ. ಅಷ್ಟು ಕಾಲ ಬರೀ ಸೊಪ್ಪು ಬೆಳೆಸಿಕೊಂಡಿದ್ದು, ಕೊನೆಗೆ ಒಂದೇ ವರ್ಷ ಗುಡ್ಡದ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುತ್ತವೆ. ಬೀಜ ಕಟ್ಟಿ ಸಾಯುತ್ತವೆ. ಒಟ್ಟಿಗೇ ಯಾಕೆ? ತಿನ್ನುವ ಹುಳ, ಹಕ್ಕಿ, ಇಲಿಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಂದೇ ಸಲ ಬಿದ್ದರೆ ಮುಂದಿನ ಪೀಳಿಗೆಗೆ ಒಂದಿಷ್ಟು ಉಳಿಯುತ್ತದೆ ಎಂಬುದು ವಿಜ್ಞಾನಿಗಳ ಮುಖ್ಯ ವಿವರಣೆ. ತುಡುವೆ ಜೇನಿಗಂತೂ ಆ ವರ್ಷ ಹಬ್ಬ.

ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಬೆಟ್ಟಸಾಲಿನ ಎತ್ತರದಲ್ಲಿ ಎರಡು ಬಗೆಯ ನೆಲ ಅಕ್ಕಪಕ್ಕ ಇದೆ. ನೀರಿನ ಪಸೆ ಇರುವ ಕಣಿವೆಗಳಲ್ಲಿ ಗಿಡ್ಡ ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಮಣ್ಣು ತೆಳುವಾಗಿ, ಗಾಳಿ ಬೀಸುವ ಇಳಿಜಾರಿನಲ್ಲಿ ಹುಲ್ಲು. ಆ ಹುಲ್ಲಿನ ನಡುವೆಯೇ ನೆಲ ಆರ್ಕಿಡ್‌ಗಳು, ಕಾಡು ಕರ್ಣಕುಂಡಲ, ಕೀಟ ಹಿಡಿದು ತಿನ್ನುವ ಡ್ರೊಸೆರಾ, ಗುರಿಗೆ ಎಲ್ಲ ಬೆಳೆಯುತ್ತವೆ. ಇವಕ್ಕೆ ಬಿಸಿಲು ಧಾರಾಳವಾಗಿ ಬೇಕು. ಅಕೇಶಿಯಾದಂಥ ಮರ ಬಂದರೆ ಮೊದಲು ನೆರಳು ಬೀಳುತ್ತದೆ. ಆಮೇಲೆ ಅದರ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಹೊಲಕ್ಕಾದರೆ ಅದು ಒಳ್ಳೆಯದೇ. ಬಡ ಮಣ್ಣಿಗೆ ಒಗ್ಗಿದ ಗಿಡಗಳಿಗೆ ಮಾತ್ರ, ಫಲವತ್ತಾದ ಮಣ್ಣಿಗೆ ನುಗ್ಗುವ ಹೊಸ ಎದುರಾಳಿಗಳು ಬಂದ ಹಾಗೆ. ವೇದಾವತಿ ನದಿ ಹುಟ್ಟುವುದೂ ಇದೇ ಬೆಟ್ಟಗಳಲ್ಲಿ ಅಲ್ವಾ? ಇಷ್ಟೆಲ್ಲ ಇರುವಾಗ, ಮರ ಇಲ್ಲ ಅಂತ ಈ ಹುಲ್ಲುಗಾವಲನ್ನು ಪಾಳು ಜಮೀನು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ನೀಲಕುರಿಂಜಿ ಮೂರನೇ ಅನುಸೂಚಿಗೆ, ಅಂದರೆ ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿತು. ಕಾಡಿನಲ್ಲಿ ಅದನ್ನು ಕೀಳುವುದು, ಮಾರುವುದು ಈಗ ಅಪರಾಧ. ಕಾನೂನು ಬೇಕೇ ಬೇಕಿತ್ತು. ಆದರೆ ಗಿಡಕ್ಕೆ ಕಷ್ಟದ ಕಾಲ ಶುರುವಾಗುವುದು ಹೂ ನೋಡಲು ಬಂದವರೆಲ್ಲ ಮನೆಗೆ ಹೋದ ಮೇಲೆ. ಕಾಯಿ ಬಲಿತು, ಒಣಗಿ, ಸಿಡಿದು ಬೀಜ ನೆಲಕ್ಕೆ ಬೀಳಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಬೇಸಿಗೆಯ ಬೆಂಕಿ ಬಿದ್ದರೆ, ಹುಲ್ಲಿನ ಮೇಲೆ ಜೀಪು ಹತ್ತಿದರೆ, 12 ವರ್ಷದ ಬೆಳೆಯೇ ಹೋಯಿತು. ಹಾಗಾಗಿ ಹೂವಿನ ಸಮಯದಷ್ಟೇ ಕಾವಲು ಮುಂದಿನ ಎರಡು ಮೂರು ಬೇಸಿಗೆಯಲ್ಲೂ ಇರಬೇಕು. ಹುಲ್ಲಿನ ನಡುವೆ ತಲೆ ಎತ್ತುವ ಅಕೇಶಿಯಾ ಸಸಿಗಳನ್ನು ಸಣ್ಣದಿರುವಾಗಲೇ ಕಿತ್ತು ಹಾಕಬೇಕು.