ಒಂದು ಚಿತ್ರ ಕೊಟ್ಟರೆ ನಾಲ್ಕು ಚಿತ್ರ: ಈ ಗೊಂದಲ ಶುರುವಾಗಿದ್ದು ಎಲ್ಲಿ?

ಇರುವ ಒಂದು ಚಿತ್ರ ಕೊಟ್ಟು 'ಇದೇ ತರಹ ಇನ್ನೂ ನಾಲ್ಕು ಮಾಡು' ಅಂದರೆ ಎಐ ಕ್ಷಣದಲ್ಲಿ ಮಾಡಿಕೊಡುತ್ತದೆ. ಬಂದದ್ದು ನಕಲೋ ಹೊಸದೋ, ಅದು ಯಾರದ್ದು ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

2014ರಲ್ಲಿ ಗ್ಯಾನ್ ಅನ್ನುವ, ಕಂಪ್ಯೂಟರೇ ಹೊಸ ಚಿತ್ರ ಹುಟ್ಟಿಸುವ ವಿಧಾನ ಬಂತು, 2015ರಲ್ಲಿ ಫೋಟೊಗೆ ವರ್ಣಚಿತ್ರದ ಶೈಲಿ ಹಚ್ಚುವ ವಿದ್ಯೆ ಬಂತು, ಮರುವರ್ಷ ಪ್ರಿಸ್ಮಾ ಆ್ಯಪ್ ಅದನ್ನು ಮೊಬೈಲಿಗೆ ತಂದಿತು. ಫಿಲ್ಟರ್ ತಾನೇ ಎಂದು ಹೆಚ್ಚಿನವರು ಸುಮ್ಮನಿದ್ದರು.

ಕಥೆ ಬದಲಾಗಿದ್ದು 2022ರಲ್ಲಿ. ಏಪ್ರಿಲ್‌ನಲ್ಲಿ ಓಪನ್‌ಎಐ ತೋರಿಸಿದ ಚಿತ್ರ ಬಿಡಿಸುವ ಎಐ ಡಾಲ್-ಇ 2, ವೇರಿಯೇಷನ್ ಅಂದರೆ ಅದೇ ತರಹದ ಬೇರೆ ಚಿತ್ರ ಮಾಡುವಾಗ ನಮ್ಮ ಚಿತ್ರವನ್ನೇ ತಿದ್ದುತ್ತಿರಲಿಲ್ಲ. ಕ್ಲಿಪ್ ಅನ್ನುವ ಮಾಡೆಲ್ ಚಿತ್ರದ ಸಾರವನ್ನು ಅಂಕಿಗಳ ಸಾಲಾಗಿ ಹಿಡಿದುಕೊಳ್ಳುತ್ತಿತ್ತು, ಆ ಅಂಕಿ ನೋಡಿಕೊಂಡು ಇನ್ನೊಂದು ಮಾಡೆಲ್ ಮೊದಲಿಂದ ಬಿಡಿಸುತ್ತಿತ್ತು. ಹಾಗಾಗಿ ವಿಷಯ, ಶೈಲಿ ಉಳಿದರೂ ಬೋರ್ಡಿನ ಮೇಲಿದ್ದ ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿ ಬರುತ್ತಿದ್ದವು.

ಆಗಸ್ಟ್‌ನಲ್ಲಿ ಎಲ್ಲರ ಕೈಗೂ ಸಿಕ್ಕಿದ ಸ್ಟೇಬಲ್ ಡಿಫ್ಯೂಷನ್ ಅನ್ನುವ ಇನ್ನೊಂದು ಚಿತ್ರ ಬಿಡಿಸುವ ಎಐನ ದಾರಿಯೇ ಬೇರೆ. ಅದರ ಇಮೇಜ್-ಟು-ಇಮೇಜ್‌ನಲ್ಲಿ, ಅಂದರೆ ಚಿತ್ರ ಕೊಟ್ಟು ಚಿತ್ರ ಪಡೆಯುವ ವಿಧಾನದಲ್ಲಿ, ಮೂಲ ಚಿತ್ರಕ್ಕೆ ಮರಳು ಎರಚಿದ ಹಾಗೆ ನಾಯ್ಸ್ ಬೆರೆಸುತ್ತಾರೆ, ಆಮೇಲೆ ಅದನ್ನು ಹಂತಹಂತವಾಗಿ ತೆಗೆಯುತ್ತಾ ಹೋದಾಗ ಹೊಸ ಚಿತ್ರ ಮೂಡುತ್ತದೆ. ಎಷ್ಟು ಬೆರೆಸಬೇಕು ಅಂತ ಹೇಳೋಕೆ ಒಂದು ಸ್ಲೈಡರ್ ಇರುತ್ತದೆ, 0ಯಿಂದ 1ರವರೆಗೆ. ಕಿಟಕಿ ಪಕ್ಕ ಕೂತ ಅಜ್ಜಿಯ ಫೋಟೊ ಹಾಕಿದ್ದೀರಿ ಅಂದುಕೊಳ್ಳಿ. 0.2ರಲ್ಲಿ ಅದೇ ಅಜ್ಜಿ, ಸುಕ್ಕು ಸ್ವಲ್ಪ ನಯವಾಗಿರಬಹುದು, ಅಷ್ಟೆ. 0.5ರ ಹತ್ತಿರ ಕಿಟಕಿ, ಕೂತ ಭಂಗಿ ಎಲ್ಲ ಅಲ್ಲೇ ಇರುತ್ತದೆ, ಆದರೆ ಗಲ್ಲದ ಮಚ್ಚೆ ಹೋಗಿ ಮುಖ ಯಾರದ್ದೋ ಆಗಿರುತ್ತದೆ. 0.8 ದಾಟಿದರೆ ಹೆಚ್ಚೂಕಡಿಮೆ ಬಣ್ಣ, ಬೆಳಕು ಮಾತ್ರ ಉಳಿದೀತು. ಹಾಗಾದರೆ ಯಾವ ಅಂಕಿಗೆ ಅದು ಆ ಅಜ್ಜಿಯ ಫೋಟೊ ಅಲ್ಲದೆ ಹೋಯಿತು? ಕಾನೂನು ಒಂದು ಗೆರೆ ಹುಡುಕುತ್ತದೆ, ಸ್ಲೈಡರ್‌ನಲ್ಲಿ ಅಂಥ ಗೆರೆಯೇ ಇಲ್ಲ. ನನ್ನ ಪ್ರಕಾರ ಸಿಕ್ಕು ಬಿದ್ದಿರುವುದೇ ಇಲ್ಲಿ.

2023ರ ಜನವರಿಯಲ್ಲಿ ಅಮೆರಿಕದಲ್ಲಿ ಕಲಾವಿದರು ಕೋರ್ಟಿಗೆ ಹೋದರು, ಅವರ ತಕರಾರು ಮುಖ್ಯವಾಗಿ ಎಐ ತರಬೇತಿಗೆ ತಮ್ಮ ಚಿತ್ರ ಬಳಸಿದ್ದರ ಬಗ್ಗೆ. ಮರುತಿಂಗಳು ಅಲ್ಲಿನ ಕಾಪಿರೈಟ್ ಆಫೀಸ್ ಒಂದು ಕಾಮಿಕ್‌ನ ಬರಹಕ್ಕೆ ಹಕ್ಕು ಉಳಿಸಿ, ಎಐ ಬಿಡಿಸಿದ ಚಿತ್ರಗಳಿಗೆ ಇಲ್ಲ ಎಂದಿತು. ಅದೇ ಹೊತ್ತಿಗೆ ಬಂದ ಕಂಟ್ರೋಲ್‌ನೆಟ್ ಅನ್ನುವ, ಇಂಥ ಎಐಗಳಿಗೆ ಜೋಡಿಸುವ ಸಾಧನದಿಂದ ಚಿತ್ರದ ಗೆರೆಯನ್ನೋ ಭಂಗಿಯನ್ನೋ ಮಾತ್ರ ಎತ್ತಿಕೊಳ್ಳುವುದೂ ಸುಲಭವಾಯಿತು. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಗೆ ಹೊಸ ಚಿತ್ರ ಸೌಲಭ್ಯ ಬಂದಾಗ ಜನ ಮನೆಮಂದಿಯ ಫೋಟೊಗಳನ್ನೆಲ್ಲ ಅನಿಮೇಷನ್ ಶೈಲಿಗೆ ತಿರುಗಿಸಿದರು.

ಹಕ್ಕು ಇರುವ ಚಿತ್ರವನ್ನೇ ಹಾಕಿ ಅಂತ ಬಹಳಷ್ಟು ಟೂಲ್‌ಗಳ ನಿಯಮದಲ್ಲಿ ಒಂದು ಸಾಲು ಇರುತ್ತದೆ. ಆದರೆ ಚಿತ್ರ ಬಿಡಿಸಿದವರನ್ನು, ಫೋಟೊದಲ್ಲಿರುವವರನ್ನು ಕೇಳಿದ್ದೀರಾ ಅಂತ ಅಪ್‌ಲೋಡ್ ಮಾಡುವ ಆ ಕ್ಷಣದಲ್ಲಿ ವಿಚಾರಿಸುವುದು ತೀರಾ ಕಮ್ಮಿ. ಅದನ್ನು ಸೇರಿಸೋಕೆ ಇನ್ನೊಂದು ಹೊಸ ಮಾಡೆಲ್ ಏನೂ ಬೇಕಿಲ್ಲ, ಅಲ್ವಾ?