ಗ್ರೂಪಿನ ಮಾತು ಚಾರ್ಜ್‌ಶೀಟಿಗೆ ಏರುವುದು ಯಾವಾಗ?

ಪುಣೆ ಕಡೆಯ ಚಿಂಚ್‌ವಾಡದ ಕಾರ್ಖಾನೆಯಾಗಲಿ, ಹಿಂಜೆವಾಡಿಯ ಐಟಿ ಕಂಪನಿಯಾಗಲಿ, ಮುಂಬಯಿಯ ಅಂಧೇರಿಯ ಎಂಐಡಿಸಿ ಕೈಗಾರಿಕಾ ಪ್ರದೇಶವಾಗಲಿ, ನೌಕರರ ಮೊಬೈಲಿನಲ್ಲಿ ಎರಡು ಬಗೆಯ ವಾಟ್ಸ್‌ಆ್ಯಪ್ ಗ್ರೂಪು ಇದ್ದೇ ಇರುತ್ತವೆ. ಒಂದು ಮ್ಯಾನೇಜರ್ ಇರುವುದು, ಇನ್ನೊಂದು ಮ್ಯಾನೇಜರ್ ಇಲ್ಲದ್ದು. ಶಿಸ್ತುಕ್ರಮದ ನೋಟಿಸ್ ಬರುವುದು ಸಾಮಾನ್ಯವಾಗಿ ಎರಡನೆಯದರಲ್ಲಿ ಬರೆದ ಮಾತಿಗೆ. ಬಂದ ಕೂಡಲೇ ಕೇಳುವ ಪ್ರಶ್ನೆ: ‘ನನಗೆ ವಾಕ್ ಸ್ವಾತಂತ್ರ್ಯ ಇಲ್ಲವಾ?’

ಇದೆ. ಆದರೆ ಸಂವಿಧಾನದ 19(1)(ಎ) ವಿಧಿ ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು. 2012ರಲ್ಲಿ ಪಾಲ್ಘರ್‌ನ ಇಬ್ಬರು ಯುವತಿಯರನ್ನು ಫೇಸ್‌ಬುಕ್ ಪೋಸ್ಟಿಗಾಗಿ ಬಂಧಿಸಿದ್ದು, ಆಮೇಲೆ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿದ್ದು ಮುಂಬಯಿಯವರಿಗೆ ನೆನಪಿರಬಹುದು. ಅದು ಪೊಲೀಸರ ಕೈಯಿಂದ ಸಿಕ್ಕ ಬಿಡುಗಡೆ, ಎಚ್‌ಆರ್ ಕೈಯಿಂದ ಅಲ್ಲ. ರಾಷ್ಟ್ರೀಕೃತ ಬ್ಯಾಂಕು, ಪಾಲಿಕೆಯಂಥ ಕಡೆ ಮಾಲೀಕನೇ ‘ಸರ್ಕಾರ’ವಾದ್ದರಿಂದ ಹೈಕೋರ್ಟಿಗೆ ರಿಟ್ ಹಾಕುವ ದಾರಿ ನೇರ. ಆದರೆ ಅಲ್ಲಿ ನಡತೆ ನಿಯಮಗಳೂ ಅಷ್ಟೇ ಬಿಗಿ. ರಾಜ್ಯ ನೌಕರರಿಗೆ 1979ರ ಮಹಾರಾಷ್ಟ್ರ ನಾಗರಿಕ ಸೇವಾ ನಡತೆ ನಿಯಮಗಳಿವೆ. ಖಾಸಗಿ ಕಂಪನಿಯಲ್ಲಿ ನಿಮ್ಮನ್ನು ಕಾಯುವುದು ಕಾರ್ಮಿಕ ಕಾನೂನು ಮತ್ತು ನಿಮ್ಮ ನೇಮಕಾತಿ ಪತ್ರ.

ಇನ್ನೊಂದು ತಪ್ಪು ತಿಳಿವಳಿಕೆ ಐಟಿಯವರಲ್ಲಿ ಹೆಚ್ಚು. ‘ಸಂಬಳದ ಬಗ್ಗೆ ಸಹೋದ್ಯೋಗಿಗಳ ಜೊತೆ ಮಾತಾಡುವುದು ಕಾನೂನು ಕೊಟ್ಟ ಹಕ್ಕು’ ಎಂದು ಇಂಟರ್‌ನೆಟ್ಟಿನಲ್ಲಿ ಓದಿರುತ್ತಾರೆ. ಅದು ಅಮೆರಿಕದ 1935ರ ಕಾರ್ಮಿಕ ಸಂಬಂಧ ಕಾಯ್ದೆಯ ಏಳನೇ ಕಲಮು. ಹಿಂಜೆವಾಡಿಗೆ ಅದು ಅನ್ವಯಿಸುವುದಿಲ್ಲ, ಮಾತೃಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿದ್ದರೂ ಇಲ್ಲ. ಇಲ್ಲಿ ಅಷ್ಟು ನೇರವಾದ ಕಲಮಿಲ್ಲ. ಸಂಘ ಕಟ್ಟುವುದಕ್ಕೆ ಅಡ್ಡಿ ಮಾಡುವುದು ಅನುಚಿತ ಕಾರ್ಮಿಕ ಪದ್ಧತಿ ಎಂಬ ಬಾಗಿಲಿನಿಂದ ಒಳಹೋಗಬೇಕು.

ಗೆರೆ ಎಲ್ಲಿದೆ ಎಂದು ನೋಡಲು 2023ರ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಗ್ರಾಮೀಣ ಬ್ಯಾಂಕಿನ ನೌಕರರೊಬ್ಬರು ಖಾಸಗಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೇಲಧಿಕಾರಿಗಳನ್ನು ಟೀಕಿಸಿದ್ದರು. ಕೊಟ್ಟಿದ್ದ ಆರೋಪಪಟ್ಟಿಯನ್ನು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ರದ್ದು ಮಾಡಿತು. ಅಸಮಾಧಾನ ಹೊರಹಾಕುವುದೂ ಒಂದು ಹಕ್ಕು, ಸಂಸ್ಥೆಯ ಹೆಸರಿಗೆ ಧಕ್ಕೆ ಬಂದಾಗ ಮಾತ್ರ ಆಡಳಿತ ಕೈಹಾಕಬಹುದು ಎಂದಿತು. ಅದೇ ವರ್ಷದ ಕೊನೆಯಲ್ಲಿ ಬಾಂಬೆ ಹೈಕೋರ್ಟ್ ಇನ್ನೊಂದು ದಿಕ್ಕಿಗೆ ಹೋಯಿತು. ವೇತನ ಒಪ್ಪಂದದ ತಕರಾರು ನಡೆಯುತ್ತಿದ್ದಾಗ ಕಾರ್ಮಿಕನೊಬ್ಬ ಫೇಸ್‌ಬುಕ್ಕಿನಲ್ಲಿ ಎರಡು ಪೋಸ್ಟ್ ಹಾಕಿ ಕೆಲಸ ಕಳೆದುಕೊಂಡಿದ್ದ. ಅವು ಕಂಪನಿಯ ಮೇಲೆ ದ್ವೇಷ ಕೆರಳಿಸುವಂಥವು, ಪರಿಣಾಮ ಆಗುವ ತನಕ ಕಾಯಬೇಕಿಲ್ಲ ಎಂದು ಹೇಳಿ ಕಾರ್ಮಿಕನ ಪರವಾಗಿದ್ದ ಲೇಬರ್ ಕೋರ್ಟ್ ಆದೇಶವನ್ನು ತಳ್ಳಿಹಾಕಿತು. ಮಹಾರಾಷ್ಟ್ರದ ಲೇಬರ್ ಕೋರ್ಟು ಈ ಎರಡನೆಯದನ್ನು ಪಾಲಿಸಲೇಬೇಕು. ಮದುರೈನದು ವಾದಕ್ಕೆ ಬಲ ಕೊಡುತ್ತದೆ, ಅಷ್ಟೇ. ಹಾಗಾಗಿ ಏನು ಹೇಳಿದಿರಿ ಎಂಬುದರಷ್ಟೇ, ನಮಗನಿಸುವಂತೆ ಅದಕ್ಕಿಂತ ತುಸು ಹೆಚ್ಚೇ, ಎಲ್ಲಿ ಹೇಳಿದಿರಿ ಎಂಬುದು ಮುಖ್ಯವಾಗುತ್ತದೆ. ‘ಓವರ್‌ಟೈಮ್ ಲೆಕ್ಕ ತಪ್ಪಾಗಿದೆ, ಮೂರು ತಿಂಗಳಿಂದ ಬಂದಿಲ್ಲ’ ಎಂದು ಮುಚ್ಚಿದ ಗ್ರೂಪಿನಲ್ಲಿ ಬರೆದರೆ ಅದು ಅಹವಾಲು. ಅದೇ ಮಾತಿಗೆ ಮ್ಯಾನೇಜರ್ ಫೋಟೊ ಸೇರಿಸಿ, ‘ಕಳ್ಳ’ ಎಂದು ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಶಿಸ್ತುಕ್ರಮದ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿಯೂ ಬೆನ್ನು ಹತ್ತಬಹುದು.

ಲೈಂಗಿಕ ಕಿರುಕುಳದ ದೂರಿನ ವಿಷಯದಲ್ಲಂತೂ ಎಷ್ಟೇ ಚಿಕ್ಕ ಗ್ರೂಪಾದರೂ ರಿಯಾಯಿತಿಯಿಲ್ಲ. ದೂರು ಕೊಟ್ಟವರ ಹೆಸರು, ವಿಚಾರಣೆಯ ವಿವರ ಹೊರಹಾಕುವುದನ್ನು 2013ರ ಕಾಯ್ದೆಯ 16ನೇ ಕಲಮು ನಿಷೇಧಿಸಿದೆ. ಗ್ರೂಪ್ ಅಡ್ಮಿನ್‌ಗಳು ಮಾತ್ರ ಸ್ವಲ್ಪ ಉಸಿರಾಡಬಹುದು: ಸಮಾನ ಉದ್ದೇಶ ಇಲ್ಲದಿದ್ದರೆ ಸದಸ್ಯನ ಪೋಸ್ಟಿಗೆ ಅಡ್ಮಿನ್ ಕ್ರಿಮಿನಲ್ ಹೊಣೆಗಾರನಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ.

ಕಂಪನಿಗಳು ಎಡವುವುದು ಪಾಲಿಸಿಯ ಭಾಷೆಯಲ್ಲಿ. ‘ಕಂಪನಿಗೆ ಮುಜುಗರ ತರುವ ಯಾವುದನ್ನೂ ಬರೆಯಬಾರದು’ ಎಂಬ ಸಾಲು ಗೋಡೆಗೆ ಚೆಂದ, ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ. ಗ್ರಾಹಕರ ಮಾಹಿತಿ, ಇನ್ನೂ ಪ್ರಕಟಿಸದ ಹಣಕಾಸು ಫಲಿತಾಂಶ, ಬೆದರಿಕೆ, ಜಾತಿ ಅಥವಾ ಲಿಂಗದ ನಿಂದನೆ ಎಂದು ಬಿಡಿಸಿ ಬರೆಯಬೇಕು. ವೇತನ, ಸುರಕ್ಷತೆ, ಶಿಫ್ಟಿನ ಬಗೆಗಿನ ಚರ್ಚೆ ಇದರಲ್ಲಿ ಬರುವುದಿಲ್ಲ ಎಂಬ ಒಂದು ಸಾಲೂ ಇರಲಿ.

ಇನ್ನು ಪುರಾವೆ. ಕಂಪನಿಯೊಳಗೆ ನಡೆಯುವ ವಿಚಾರಣೆಗೆ ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟು ಪೂರ್ತಿ ಅನ್ವಯಿಸದು. ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ನಮೂದಾಗಿರಬೇಕು. ಕತ್ತರಿಸಿದ ಒಂದು ಸ್ಕ್ರೀನ್‌ಶಾಟಿನ ಮೇಲೆ ಆರೋಪ ಹೊರಿಸಿದ್ದರೆ, ಹಿಂದಿನ ಮುಂದಿನ ಮೆಸೇಜು ಸಮೇತ ಪೂರ್ತಿ ಸಂಭಾಷಣೆಯನ್ನು ಲಿಖಿತವಾಗಿ ಕೇಳಿ.

ಮಹಾರಾಷ್ಟ್ರದಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕನ್ನಡದಲ್ಲಿ ಬರೆದ ಮೆಸೇಜು ಮರಾಠಿ ಅಥವಾ ಇಂಗ್ಲಿಷ್ ಬಲ್ಲ ವಿಚಾರಣಾಧಿಕಾರಿಯ ಮುಂದೆ ಅನುವಾದವಾಗಿ ಹೋಗುತ್ತದೆ. ‘ನಾಳೆ ಮೀಟಿಂಗಲ್ಲಿ ಅವರ ಗ್ರಹಚಾರ ಬಿಡಿಸ್ತೀವಿ’ ಎಂದರೆ ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತೇವೆ ಎಂದಷ್ಟೇ. ಭಾಷೆ ಬಾರದವರ ಕೈಯಲ್ಲಿ, ಇಲ್ಲವೇ ಮೊಬೈಲ್ ಆ್ಯಪಿನಲ್ಲಿ, ಅದು ಜೀವ ಬೆದರಿಕೆಯಾಗಿ ಇಳಿಯಬಹುದು. ಮೂಲವನ್ನು ಕನ್ನಡ ಲಿಪಿಯಲ್ಲೇ ದಾಖಲೆಗೆ ಸೇರಿಸಿ ಎನ್ನಿ. ಅನುವಾದಿಸಿದವರು ಯಾರೆಂದು ಕೇಳಿ, ಅವರನ್ನು ಪಾಟೀಸವಾಲಿಗೆ ಕರೆಸಿ.

ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ವೇತನ, ವಿಳಂಬ ನಿಮ್ಮಿಂದಾಗದಿದ್ದರೆ ಆಮೇಲೆ ಶೇ 75 ಜೀವನಾಧಾರ ಭತ್ಯೆ. ವಜಾ ಮಾಡಿದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಡಿ ದಾವೆ ಎತ್ತಲು ಎರಡೇ ವರ್ಷ, ಮೊದಲು ಮೂರಿತ್ತು. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರಿಗೂ, ಸಂಬಳ ಎಷ್ಟೇ ಇರಲಿ ಮ್ಯಾನೇಜರ್‌ಗಳಿಗೂ ಈ ದಾರಿಯೇ ಇಲ್ಲ, ಸಿವಿಲ್ ಕೋರ್ಟೇ ಗತಿ. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸವನ್ನು ಕೋರ್ಟು ನೋಡುತ್ತದೆ. ‘ಟೀಮ್ ಲೀಡ್’ ಎಂದಿದ್ದ ಮಾತ್ರಕ್ಕೆ ಕೈಬಿಡಬೇಡಿ.

ನೋಟಿಸ್ ಕೈಗೆ ಬಂದ ರಾತ್ರಿ ಮೆಸೇಜು ಅಳಿಸುವುದು ಬೇಡ. ಸ್ಕ್ರೀನ್‌ಶಾಟ್ ಆಗಲೇ ಎಚ್‌ಆರ್ ಬಳಿ ಇರುತ್ತದೆ. ಅಳಿಸಿದ್ದು ಪುರಾವೆ ನಾಶದ ಇನ್ನೊಂದು ಆರೋಪಕ್ಕೆ ದಾರಿಯಾಗುತ್ತದೆ. ಗ್ರೂಪಿನಿಂದ ತೆಗೆದುಹಾಕುವ ಮೊದಲೇ, ಕಂಪನಿ ಕೊಟ್ಟ ಫೋನು ವಾಪಸು ಕೇಳುವ ಮೊದಲೇ, ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ ಪೂರ್ತಿ ಸಂಭಾಷಣೆಯನ್ನು ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಅದರಲ್ಲಿ ಗ್ರಾಹಕರ ಮಾಹಿತಿಯೇನಾದರೂ ಇದ್ದರೆ ಮಾತ್ರ ಕಳಿಸಬೇಡಿ. ಆ ಭಾಗವನ್ನು ಕಾಯ್ದಿಡುವಂತೆ ಕಂಪನಿಗೇ ಪತ್ರ ಬರೆದು ಸ್ವೀಕೃತಿ ಪಡೆಯಿರಿ.