ಕಾದ ಬ್ಯಾರಲ್‌ಗೆ ಬ್ಲೋವರ್ ಯಾಕೆ?

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಬೋರ್‌ವೆಲ್‌ಗೆ ಇಳಿಸುವ ಕಪ್ಪು ಪೈಪ್ ಮಾಡುವುದನ್ನು ನೋಡುತ್ತಾ ನಿಂತಿದ್ದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಒತ್ತಿ ಪೈಪ್ ಮಾಡುವ ಯಂತ್ರದ, ಅಂದರೆ ಎಕ್ಸ್‌ಟ್ರೂಡರ್‌ನ ಪ್ಯಾನಲ್ 200 ಡಿಗ್ರಿ ತೋರಿಸುತ್ತಿತ್ತು. ಅದರ ಬ್ಯಾರಲ್, ಅಂದರೆ ಒಳಗೆ ಉದ್ದನೆಯ ಸ್ಕ್ರೂ ಸುತ್ತುವ ಉಕ್ಕಿನ ಕೊಳವೆಯ ಸುತ್ತ ಹೀಟರ್ ಪಟ್ಟಿಗಳಿದ್ದವು. ಆದರೆ ನಡುಭಾಗದ ಹೀಟರಿನ ದೀಪ ಆರಿತ್ತು, ಅದರ ಕೆಳಗಿನ ಬ್ಲೋವರ್ ಭರ್ರೋ ಅಂತ ಗಾಳಿ ಊದುತ್ತಿತ್ತು. ಕರಗಿಸಬೇಕಾದ ಜಾಗವನ್ನೇ ತಣ್ಣಗೆ ಮಾಡ್ತಿದ್ದೀರಲ್ಲ ಎಂದು ಕೇಳಿದೆ. "ಬೆಳಿಗ್ಗೆ ಶುರು ಮಾಡೋಕೆ ಹೀಟರ್ ಬೇಕು ಸರ್. ಆಮೇಲೆ ಸ್ಕ್ರೂನೇ ಕಾಯಿಸುತ್ತೆ" ಎಂದರು ಆಪರೇಟರ್.

ಪ್ಲಾಸ್ಟಿಕ್ ಅಂದರೆ ಬೆಂಕಿಯಲ್ಲಿ ಕರಗಿಸಿ ಅಚ್ಚಿಗೆ ಸುರಿಯುವುದು ಎಂದು ಬಹಳ ಜನ ನಂಬಿದ್ದಾರೆ. ತುಪ್ಪವನ್ನೋ ಮೇಣವನ್ನೋ ಹಾಗೆ ಕರಗಿಸಬಹುದು. ಈ ಪೈಪ್ ಮಾಡುವ ಪ್ಲಾಸ್ಟಿಕ್ ಆದ ಪಾಲಿಥೀನ್ ಹಾಗಲ್ಲ. ಅದರಲ್ಲಿ ಶಾಖ ಸಾಗುವುದು ಬಹಳ ನಿಧಾನ, ಉಕ್ಕಿಗೆ ಹೋಲಿಸಿದರೆ ಸುಮಾರು ನೂರರಲ್ಲಿ ಒಂದು ಪಾಲು. ಹೊರಗಿನಿಂದ ಮಾತ್ರ ಕಾಯಿಸಿದರೆ ದಪ್ಪ ರೊಟ್ಟಿಯ ಕಥೆಯೇ: ಮೇಲೆ ಸೀದಿರುತ್ತದೆ, ಒಳಗೆ ಹಸಿ.

ಹಾಗಾದರೆ ಶಾಖ ಎಲ್ಲಿಂದ ಬರುತ್ತದೆ? ಚಳಿಗಾಲದಲ್ಲಿ ಅಂಗೈ ಉಜ್ಜಿಕೊಳ್ಳುತ್ತೇವಲ್ಲ, ಹಾಗೆ. ಹಾಪರ್‌ನಿಂದ (ಮೇಲಿನ ಲಾಳಿಕೆಯಂಥ ಡಬ್ಬ) ಬಿದ್ದ ಪ್ಲಾಸ್ಟಿಕ್ ಕಾಳುಗಳು ಬ್ಯಾರಲ್ ಗೋಡೆಗೆ ಉಜ್ಜಿಕೊಂಡು ಸಾಗುತ್ತವೆ. ಗೋಡೆಯ ಬಳಿ ತೆಳುವಾದ ಒಂದು ಪದರ ಕರಗುತ್ತದೆ. ಕರಗಿದ ಪ್ಲಾಸ್ಟಿಕ್ ನೀರಿಗಿಂತ ಲಕ್ಷಾಂತರ ಪಟ್ಟು ಮಂದ. ಜೋನಿ ಬೆಲ್ಲದಲ್ಲಿ ಚಮಚ ತಿರುಗಿಸಿದರೆ ಕೈ ಸೋಲುತ್ತದೆ, ಅಲ್ವಾ? ಕೈ ಹಾಕಿದ ಆ ಶಕ್ತಿ ಬೆಲ್ಲದೊಳಗೆ ಶಾಖವಾಗಿ ಉಳಿಯುತ್ತದೆ, ನಮಗೆ ಗೊತ್ತಾಗುವಷ್ಟಿರುವುದಿಲ್ಲ ಅಷ್ಟೇ. ಇಲ್ಲಿ ಕೈಯ ಬದಲು ದೊಡ್ಡ ಮೋಟರ್ ಇದೆ. 1 ಕಿಲೋ ಪಾಲಿಥೀನನ್ನು 200 ಡಿಗ್ರಿಗೆ ತರಲು ಸುಮಾರು 0.2 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಅದರಲ್ಲಿ ಹೆಚ್ಚಿನ ಪಾಲನ್ನು ಮೋಟರೇ ಸ್ಕ್ರೂ ಮೂಲಕ ಕೊಡುತ್ತದೆ. ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಆಗ ಬ್ಲೋವರ್ ಬೇಕಾಗುತ್ತದೆ.

ಒಳಗೆ ನಡೆಯುವುದನ್ನು ಕಣ್ಣಾರೆ ನೋಡಿದವರೂ ಇದ್ದಾರೆ. 1959ರಲ್ಲಿ ಅಮೆರಿಕದ ಎಂಜಿನಿಯರ್ ಮ್ಯಾಡಕ್ ತಮ್ಮ ಪ್ರಯೋಗಗಳ ವಿವರ ಪ್ರಕಟಿಸಿದರು. ಕಾಳುಗಳ ಜೊತೆ ಬಣ್ಣದ ಕಾಳು ಬೆರೆಸಿ, ಓಡುತ್ತಿದ್ದ ಯಂತ್ರವನ್ನು ತಟ್ಟನೆ ನಿಲ್ಲಿಸಿ, ತಣಿಸಿ, ಸ್ಕ್ರೂವನ್ನು ಹೊರಗೆ ತಳ್ಳಿ, ಅದಕ್ಕೆ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಿ ಅಡ್ಡಡ್ಡ ಕತ್ತರಿಸಿ ನೋಡುವ ಪ್ರಯೋಗ ಅದು. ಗಟ್ಟಿ ಕಾಳುಗಳೆಲ್ಲ ಒತ್ತೊತ್ತಾಗಿ ಒಂದು ಪಕ್ಕ, ಕರಗಿದ್ದು ಇನ್ನೊಂದು ಪಕ್ಕ. ಸ್ಕ್ರೂನ ಅಂಚು ಗೋಡೆಯ ಕರಗಿದ ಪದರವನ್ನು ಕೆರೆದು ಕೆರೆದು ಒಂದೆಡೆ ಕೂಡಿಹಾಕುತ್ತಿತ್ತು. ಬಾಣಲೆಯ ಕೆನೆಯನ್ನು ಸಟ್ಟುಗದಿಂದ ಪಕ್ಕಕ್ಕೆ ಒತ್ತರಿಸಿದ ಹಾಗೆ. ನನಗಂತೂ ಇದಕ್ಕಿಂತ ಚೆಂದದ ಪ್ರಯೋಗ ಈ ವಿಷಯದಲ್ಲಿ ಕಂಡಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಸ್ಕ್ರೂ ಇದ್ದಲ್ಲೇ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ. ಮತ್ತೆ ಕಾಳು ಮುಂದೆ ಹೋಗುವುದು ಹೇಗೆ? ಒಂದು ಬೋಲ್ಟಿಗೆ ನಟ್ ಹಾಕಿ ಬೋಲ್ಟನ್ನು ತಿರುಗಿಸಿ. ನಟ್ಟನ್ನು ಹಿಡಿಯದಿದ್ದರೆ ಅದೂ ಜೊತೆಗೆ ಸುಮ್ನೆ ಸುತ್ತುತ್ತದೆ. ಬೆರಳಲ್ಲಿ ಹಿಡಿದರೆ ಮಾತ್ರ ಮುಂದೆ ಸರಿಯುತ್ತದೆ. ಇಲ್ಲಿ ನಟ್ ಅಂದರೆ ಪ್ಲಾಸ್ಟಿಕ್, ಹಿಡಿಯುವ ಬೆರಳು ಅಂದರೆ ಬ್ಯಾರಲ್ ಗೋಡೆ. ಮುದ್ದೆ ತಿರುವುವಾಗ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿಯುವುದೂ ಇದಕ್ಕೇ. ಹಿಡಿತ ತಪ್ಪಿದರೆ ಕೋಲು, ಹಿಟ್ಟು, ಪಾತ್ರೆ ಮೂರೂ ಒಟ್ಟಿಗೆ ಸುತ್ತುತ್ತವೆ, ಹಿಟ್ಟು ಮಾತ್ರ ಗಂಟು ಗಂಟಾಗಿಯೇ ಇರುತ್ತದೆ. ನೀರೆತ್ತುವ ಆರ್ಕಿಮಿಡೀಸ್ ಸ್ಕ್ರೂನಲ್ಲಿ ನೀರಿನ ಭಾರವೇ ನೀರನ್ನು ಸ್ಕ್ರೂ ಜೊತೆ ಸುತ್ತದಂತೆ ತಡೆಯುತ್ತದೆ. ಎಕ್ಸ್‌ಟ್ರೂಡರ್‌ನಲ್ಲಿ ಆ ಕೆಲಸ ಘರ್ಷಣೆಯದು. ಕಾಳು ಗೋಡೆಗೆ ಅಂಟಬೇಕು, ಸ್ಕ್ರೂ ಮೇಲೆ ಜಾರಬೇಕು. ಅದಕ್ಕೇ ಸ್ಕ್ರೂವನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡುತ್ತಾರೆ. ಕೆಲವು ಯಂತ್ರಗಳಲ್ಲಿ ಕಾಳು ಬೀಳುವ ಕಡೆ ಬ್ಯಾರಲ್ ಒಳಗೋಡೆಗೆ ಗೀರುಗಳನ್ನೂ ಕೊರೆದಿರುತ್ತಾರೆ.

ಈ ಯಂತ್ರದ ಹಿರಿಯಜ್ಜ ನಮ್ಮ ಚಕ್ಕುಲಿ ಒರಳಿನ ಥರ ಒತ್ತುವಂಥದ್ದು. 1845ರಲ್ಲಿ ಹೆನ್ರಿ ಬ್ಯೂಲಿ ಗಟ್ಟಾಪರ್ಚಾ ಎಂಬ ಮರದ ಅಂಟನ್ನು ಒತ್ತಿ ಕೊಳವೆ ಮಾಡುವ ಯಂತ್ರ ತಂದರು. ಅದೇ ಅಂಟನ್ನು ತಂತಿಗೆ ಹೊದಿಸಿ 1851ರಲ್ಲಿ ಇಂಗ್ಲೆಂಡ್‌ನಿಂದ ಫ್ರಾನ್ಸ್‌ಗೆ ಸಮುದ್ರದಡಿ ಟೆಲಿಗ್ರಾಫ್ ಕೇಬಲ್ ಹಾಕಿದರು. ಒರಳಿಗೆ ಮತ್ತೆ ಮತ್ತೆ ಹಿಟ್ಟು ತುಂಬಬೇಕು, ಮೈಲುಗಟ್ಟಲೆ ತಂತಿಗೆ ಅದು ತೊಡಕು. ನಿಲ್ಲದೆ ಉಣಿಸಲು ಸ್ಕ್ರೂ ಬಂತು: 1879ರಲ್ಲಿ ಮ್ಯಾಥ್ಯೂ ಗ್ರೇ ಅದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದರು. ಆಗ ಪಾಲಿಥೀನ್ ಇರಲೇ ಇಲ್ಲ. ಅದು ಸಿಕ್ಕಿದ್ದು 1933ರಲ್ಲಿ.

ಮತ್ತೆ ಪೀಣ್ಯಕ್ಕೆ ಬರುತ್ತೇನೆ. ಹಾಪರ್ ಕೆಳಗಿನ ಬ್ಯಾರಲ್ ಬಾಯಿಗೆ ಸದಾ ತಣ್ಣೀರು ಹರಿಯುವ ಕೊಳವೆ ಜೋಡಿಸಿರುತ್ತಾರೆ. ನಾನಿದ್ದಾಗಲೇ ಪಂಪ್ ಕೆಟ್ಟು ನೀರು ನಿಂತಿತು. ಸ್ವಲ್ಪ ಹೊತ್ತಿಗೆ ಪೈಪ್ ಸಣ್ಣಗಾಗುತ್ತಾ ಬಂತು. ಹೊಸದಾಗಿ ಸೇರಿದ್ದ ಹುಡುಗ ಹೀಟರ್ ಏರಿಸಿದ. ಮಾಲು ಇನ್ನೂ ಕಡಿಮೆಯಾಯಿತು. ಆಪರೇಟರ್ ಓಡಿ ಬಂದು ಹೀಟರ್ ಇಳಿಸಿ, ಯಂತ್ರ ನಿಲ್ಲಿಸಿ, ಹಾಪರ್ ಸರಿಸಿ ತೋರಿಸಿದರು. ಬಾಯಲ್ಲೇ ಮೆತ್ತಗಾದ ಕಾಳುಗಳು ಸ್ಕ್ರೂಗೆ ಅಂಟಿ ಮುಷ್ಟಿ ಗಾತ್ರದ ಗಂಟಾಗಿದ್ದವು. ಅದು ಸ್ಕ್ರೂ ಜೊತೆ ಇದ್ದಲ್ಲೇ ಸುತ್ತುತ್ತಿತ್ತು. ಹಿತ್ತಾಳೆಯ ಕಡ್ಡಿಯಿಂದ ಅದನ್ನು ಕೆರೆದು ತೆಗೆದು, ಪಂಪ್ ಸರಿಮಾಡಿ ನೀರು ಬಿಟ್ಟ ಮೇಲೆ ಪೈಪ್ ಮತ್ತೆ ಮೊದಲಿನ ದಪ್ಪಕ್ಕೆ ಬಂತು.